ಪೆನ್ಸಿಲ್ ಗುರುತಿನ ಮೇಲೆ ಸಹಿ

ನಗರಸಭೆ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿ ದಾಟಿ ಹಿಂದಕ್ಕೆ ಹೋದರೆ ಒಂದು ಉದ್ದನೆಯ ಹಜಾರ ಸಿಗುತ್ತದೆ. ಅದರ ಮೂಲೆಯಲ್ಲಿ ಸ್ಟೀಲಿನ ತೊಟ್ಟಿಯಿದೆ, ತೊಟ್ಟಿಯೊಳಗೆ ಕರಗಿದ ಮೇಣ. ಮೂಳೆ ಮುರಿದು ಕೂಡಿಕೊಂಡರೂ ಮಡಿಸಲು ಬಾರದ ಕೈಗಳನ್ನು ಅಲ್ಲಿ ಏಳು ಸಲ ಅದ್ದಿ ತೆಗೆಯುತ್ತಾರೆ. ಏಳನೆಯ ಸಲಕ್ಕೆ ಕೈಗೆ ಬಿಳಿಯ ಗವಸು ತೊಡಿಸಿದಂತಾಗುತ್ತದೆ. ಅದರ ಮೇಲೆ ಬಟ್ಟೆ ಸುತ್ತಿಕೊಂಡು ಇಪ್ಪತ್ತು ನಿಮಿಷ ಕೂರಬೇಕು. ಆಮೇಲೆ ಆಯಾ ಮೇಣವನ್ನು ಸುಲಿದು ತೊಟ್ಟಿಗೇ ಹಾಕುತ್ತಾಳೆ. ಇನ್ನೂ ಬೆಚ್ಚಗಿರುವ ಬೆರಳುಗಳನ್ನು ವ್ಯಾಯಾಮದ ಮೇಡಂ ಒಂದೊಂದಾಗಿ ಮಡಿಸುತ್ತಾರೆ. ಯಾರಿಗೂ ಶುಲ್ಕವಿಲ್ಲ. ನನ್ನ ಎಡ ಮಣಿಕಟ್ಟು ಬಚ್ಚಲಲ್ಲಿ ಜಾರಿ ಮುರಿದ ಮೇಲೆ ನಾನೂ ಅಲ್ಲಿಗೆ ಹೋಗತೊಡಗಿದೆ.

ಸುತ್ತಿಕೊಳ್ಳುವ ಬಟ್ಟೆ ಮಾತ್ರ ನಮ್ಮದೇ ಆಗಬೇಕು. ಬಂದವರು ಬಂದ ಹಾಗೆ ಗೋಡೆಯ ಕಂಬಿಯ ಮೇಲೆ ತಮ್ಮ ಬಟ್ಟೆ ಇಳಿಬಿಡಬೇಕು. ಅದೇ ಸರದಿ. ಆಯಾಗೆ ಓದು ಬಾರದು, ಹೆಸರುಗಳು ನೆನಪಿರುವುದಿಲ್ಲ, ಆದರೆ ಬಟ್ಟೆ ಒಮ್ಮೆ ನೋಡಿದರೆ ಮರೆಯುವುದಿಲ್ಲ. ನನ್ನದು ಹಳದಿ ಹೂಗಳಿದ್ದ ಹಳೆಯ ದಿಂಬಿನ ಚೀಲದ ತುಂಡು. ಹಾಗಾಗಿ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ ನಾನು ಅಲ್ಲಿ “ಹಳದಿ ಹೂವು” ಆದೆ.

“ಹಳದಿ ಹೂವು, ಬನ್ನಿ! ಆಮೇಲೆ ನೀಲಿ ಚೌಕಳಿ, ರೆಡಿಯಾಗಿ. ಏಳು ಬಣ್ಣ, ನೀನು ಕೂತ್ಕೋ, ಇನ್ನೂ ಎರಡು ಕೈ ಇದೆ.”

ಏಳು ಬಣ್ಣ ಎಂದರೆ ಹೊಲಿಗೆಯವಳು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮಿಷನ್ನಿನ ಪಟ್ಟಿ ಅವಳ ಬಲಗೈಯನ್ನು ಎಳೆದುಕೊಂಡಿತ್ತು. ಕೈ ಸರಿಯಿದ್ದಾಗ ಕತ್ತರಿಸಿ ಉಳಿದ ಚೂರುಗಳನ್ನು ಜೋಡಿಸಿ ಹೊಲಿದಿದ್ದ ಬಟ್ಟೆಯನ್ನೇ ಅವಳು ತರುತ್ತಿದ್ದಳು. ಅದರ ಹೊಲಿಗೆ ನೋಡಬೇಕು, ಹಿಂದು ಮುಂದು ಗೊತ್ತಾಗುತ್ತಿರಲಿಲ್ಲ. ಮೊದಲ ದಿನ ನನ್ನ ಬಟ್ಟೆಯ ಗಂಟು ಬಿಗಿಯಲಾರದೆ ನಾನು ಒದ್ದಾಡುತ್ತಿದ್ದಾಗ ಅವಳು ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು, ಇನ್ನೊಂದನ್ನು ಎಡಗೈಯಲ್ಲಿ ಎಳೆದು ಕಟ್ಟಿಕೊಟ್ಟಳು. “ಎಂಜಲು ಅನ್ಕೋಬೇಡಿ ಟೀಚರೇ” ಎಂದಳು. ಅನ್ನಿಸಲಿಲ್ಲ.

ಕಾರ್ಖಾನೆಯವರು ಅವಳಿಗೆ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದರು. ಅಂದು ಮೇಲ್ವಿಚಾರಕನ ಎದುರು ಕೂತು ಕಾಲರ್ ಒಂದನ್ನು ಹೊಲಿದು ತೋರಿಸಬೇಕು. ಬೆರಳು ಬಟ್ಟೆ ಹಿಡಿದರೆ ಕೆಲಸ, ಇಲ್ಲದಿದ್ದರೆ ಆ ಮಿಷನ್ನಿಗೆ ಬೇರೆಯವರು. ಮೇಡಂ ಅವಳಿಗೆ ಖಡಾಖಂಡಿತವಾಗಿ ಹೇಳಿದ್ದರು: “ಒಂದು ದಿನವೂ ತಪ್ಪಿಸಬೇಡಮ್ಮ. ಎರಡು ದಿನ ಬಿಟ್ರೆ ಹಿಂದಿನ ವಾರದ ಕೆಲಸವೆಲ್ಲ ನೀರಿಗೆ ಹೋಯ್ತು ಅನ್ಕೋ.”

ನಾನಿರುವುದು ತಂಗಿಯ ಮನೆಯಲ್ಲಿ, ಮಹಡಿಯ ಕೋಣೆಯಲ್ಲಿ. ತಂಗಿಯ ಗಂಡನಿಗೆ ಟೈಲ್ಸ್ ಅಂಗಡಿಯಿದೆ. ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಾರೆ, ತಂಗಿಯೂ ಹಾಗೇ. ಕೆಟ್ಟವರೇನಲ್ಲ. ನಾನು ಬಿದ್ದ ದಿನ ನನ್ನನ್ನು ಎತ್ತಿಕೊಂಡೇ ಮೆಟ್ಟಿಲು ಇಳಿದವರು. ಅದನ್ನು ನಾನು ಮರೆತಿಲ್ಲ, ಮರೆಯದಿರುವುದೇ ನನ್ನ ಕಷ್ಟವಾಗಿತ್ತು.

ಅಂಗಡಿಯಲ್ಲಿ ಗಿರಾಕಿ ಕಲ್ಲು ಆರಿಸಿದ ಕೂಡಲೇ ಅವರು ಕೇಳುವ ಮೊದಲ ಮಾತು, “ಬಿಲ್ ಬೇಕಾ?” ಬೇಡವೆಂದರೆ ಒಂದು ಬೆಲೆ, ಬೇಕೆಂದರೆ ಇನ್ನೊಂದು. ಬೇಕು ಎನ್ನುವವನನ್ನು ಅವರು ಮರುಕದಿಂದ ನೋಡುತ್ತಾರೆ. ಅದೇ ಮನುಷ್ಯ ಊಟಕ್ಕೆ ಕೂತರೆ ಬೇರೆ ಪುರಾಣ.

“ಪುಕ್ಕಟೆ ಬಸ್ಸು, ಪುಕ್ಕಟೆ ಆಸ್ಪತ್ರೆ, ಪುಕ್ಕಟೆ ಪುಸ್ತಕ. ಯಾರಪ್ಪನ ದುಡ್ಡು? ನಮ್ಮದು! ಬೆವರು ಸುರಿಸಿ ತೆರಿಗೆ ಕಟ್ಟೋರು ನಾವು. ಅಲ್ವಾ ಅಕ್ಕಾ? ನೀವೇ ಹೇಳಿ, ನೀವು ಓದಿದೋರು.”

ನಾನು ಅನ್ನ ಕಲಸುತ್ತಿದ್ದೆ. ತೆರಿಗೆಯೆಂದರೇನು ಎಂಬುದನ್ನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಬರೆಸುತ್ತಿದ್ದವಳು ನಾನು: ಕೊಟ್ಟವನಿಗೆ ಕೊಟ್ಟಷ್ಟು ತಿರುಗಿ ಸಿಗಬೇಕೆಂಬ ಷರತ್ತಿಲ್ಲದ ಕಡ್ಡಾಯ ಪಾವತಿ. ಹುಡುಗಿಯರು ಅದನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಿದ್ದರು. ಊಟದ ಮೇಜಿನಲ್ಲಿ ಆ ಒಂದು ವಾಕ್ಯ ನನ್ನ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ.

ಬರುವುದಾದರೂ ಹೇಗೆ? ಕಾಗದದ ಮೇಲೆ ಆ ಅಂಗಡಿಯ ಅರ್ಧ ಭಾಗ ನನ್ನದು. ಲಾಭವನ್ನು ಎರಡು ಹೆಸರಿಗೆ ಹಂಚಿದರೆ ಇಬ್ಬರಿಗೂ ತೆರಿಗೆ ಕಡಿಮೆಯಂತೆ. ಆ ಲಾಭದ ಮುಖವನ್ನು ನಾನು ಕಂಡಿಲ್ಲ. ಯಜಮಾನರ ಮನೆಯಲ್ಲಿ ಸಹಿಗೊಂದು ಪದ್ಧತಿಯಿದೆ. ಕಾಗದಗಳು ತಿಂಡಿಯ ತಟ್ಟೆಯ ಪಕ್ಕದಲ್ಲಿ ಬರುತ್ತವೆ. ಸಹಿ ಬೀಳಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಚಿಕ್ಕ ಗುಣಾಕಾರದ ಚಿಹ್ನೆ. ತಂಗಿ, ಅವಳ ಸೊಸೆ, ನಾನು, ಯಾರೂ ಓದುವುದಿಲ್ಲ. ಗುರುತು ಕಂಡಲ್ಲಿ ಸಹಿ ಮಾಡಿ ಮುಂದಿನವರಿಗೆ ದಾಟಿಸುತ್ತೇವೆ. ಓದಲು ಹೊರಟರೆ ನಂಬಿಕೆಯಿಲ್ಲ ಎಂದಂತಾಗುತ್ತದೆ. ಹನ್ನೆರಡು ವರ್ಷದಿಂದ ನಾನು ಹೀಗೆ ಸಹಿ ಮಾಡುತ್ತ ಬಂದಿದ್ದೆ, ಕನ್ನಡಕವನ್ನೂ ಹಾಕದೆ.

ಯಜಮಾನರ ಬಲಗೈ ಬೆರಳುಗಳ ಗೆಣ್ಣುಗಳು ಬಹಳ ದಿನದಿಂದ ನೋಯುತ್ತಿದ್ದವು. ಖಾಸಗಿ ಆಸ್ಪತ್ರೆಯಲ್ಲಿ ಇದೇ ಮೇಣಕ್ಕೆ ಎಷ್ಟು ಕೀಳುತ್ತಾರೆಂದು ವಿಚಾರಿಸಿ ಬಂದ ಮಾರನೆಯ ದಿನವೇ, “ನಡೀರಿ ಅಕ್ಕಾ, ನಾನೂ ನಿಮ್ಮ ಆಸ್ಪತ್ರೆಗೇ ಬರ್ತೀನಿ” ಎಂದರು.

ಅವರು ತಂದದ್ದು ದಪ್ಪನೆಯ ಬಿಳಿ ಟವೆಲ್. ಎಲ್ಲೋ ಉಳಿದುಕೊಂಡಾಗ ಚೀಲಕ್ಕೆ ಹಾಕಿಕೊಂಡು ಬಂದದ್ದು, ಅಂಚಿನಲ್ಲಿ ಹೋಟೆಲಿನ ಮುದ್ರೆ ಹಾಗೇ ಇತ್ತು. ಆಯಾ ಮುದ್ರೆಯನ್ನು ಎರಡು ಸಲ ನೋಡಿದಳು. “ಹೋಟೆಲ್, ನೀವು ಕೊನೆಗೆ. ನಿಮ್ಮ ಮುಂದೆ ಆರು ಕೈ ಇದೆ.”

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಯಜಮಾನರು ನಗಲಿಲ್ಲ. ತೊಟ್ಟಿಯ ಬಳಿ ಹೋಗಿ ಬಗ್ಗಿ ನೋಡಿದರು. ಆಯಾ ಒಬ್ಬ ಮುದುಕನ ಕೈಯಿಂದ ಮೇಣ ಸುಲಿದು ಮತ್ತೆ ಅದರೊಳಗೆ ಹಾಕುತ್ತಿದ್ದಳು.

“ಥೂ, ಇದನ್ನೇ ಹಾಕ್ತೀರಾ? ಎಲ್ಲರ ಕೈಯಿಂದ ಕಿತ್ತಿದ್ದು?”

“ಕೈ ತೊಳೆದೇ ಅದ್ದೋದು ಸ್ವಾಮಿ. ವಾರಕ್ಕೊಮ್ಮೆ ಬದಲಾಯಿಸ್ತೀವಿ.”

“ಯಾರ್ಯಾರೋ ಮುಳುಗಿಸಿದ ಮೇಲೆ ನಾನು ಮುಳುಗಿಸಬೇಕಾ? ಇವರಲ್ಲಿ ಎಷ್ಟು ಜನ ಒಂದು ಪೈಸೆ ತೆರಿಗೆ ಕಟ್ಟಿದ್ದಾರೆ? ಈ ತೊಟ್ಟಿ ನಮ್ಮಂಥೋರ ದುಡ್ಡಲ್ಲಿ ಬಂದಿದ್ದು. ನಾವು ಕೊನೆಗೆ!”

ಹೊಲಿಗೆಯವಳು ತನ್ನ ಸುತ್ತಿದ ಕೈಯನ್ನು ಮಗುವಿನಂತೆ ಎದೆಗಾನಿಸಿಕೊಂಡು ಕೂತಿದ್ದಳು. “ಅಣ್ಣಾ, ನಾನೂ ಕಟ್ಟಿದ್ದೀನಿ” ಎಂದಳು ಮೆಲ್ಲಗೆ.

“ನೀನಾ? ಯಾವಾಗ?”

“ದಾರದ ಉಂಡೆ ತಗೊಂಡಾಗ. ಸೋಪು ತಗೊಂಡಾಗ. ಮಗಳ ಚಪ್ಪಲಿಗೆ, ಫೋನಿಗೆ. ಅಂಗಡಿಯವನು ನನ್ನನ್ನ ಬಿಲ್ ಬೇಕಾ ಅಂತ ಕೇಳೋದೇ ಇಲ್ಲ, ಸೇರಿಸಿಯೇ ತಗೊಳ್ತಾನೆ. ರಸೀದಿ ಎಲ್ಲಿಟ್ಕೊಳ್ಳಲಿ, ಕುತ್ತಿಗೆಗೆ ಹಾರ ಮಾಡಿ ಹಾಕ್ಕೊಳ್ಳಲಾ?”

ಹಜಾರ ಗೊಳ್ಳೆಂದಿತು. ಮೂವತ್ತೊಂದು ವರ್ಷದಲ್ಲಿ ಪರೋಕ್ಷ ತೆರಿಗೆಯನ್ನು ಇಷ್ಟು ಚೆನ್ನಾಗಿ ನಾನು ವಿವರಿಸಿರಲಿಲ್ಲ. ಯಜಮಾನರು ಟವೆಲ್ ಎಳೆದುಕೊಂಡು ಹೊರಟುಹೋದರು. ಅವಮಾನ ಅವರಿಗೆ ಜೀರ್ಣವಾಗುವ ಪದಾರ್ಥವಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅದನ್ನು ಅವರು ಎಲ್ಲಿ ಕಕ್ಕುತ್ತಾರೆಂದು ಊಹಿಸಲಿಲ್ಲ.

ಎರಡು ದಿನ ಕಳೆದ ಮೇಲೆ ತಿಂಡಿಯ ತಟ್ಟೆಯ ಪಕ್ಕ ಕಾಗದಗಳು ಬಂದವು. ನಾಲ್ಕೋ ಐದೋ ಹಾಳೆ. ಪೆನ್ಸಿಲ್ ಗುರುತು ಕಂಡಲ್ಲೆಲ್ಲ ಸಹಿ ಮಾಡಿದೆ. ಒಂದು ಗುರುತು ಎಂದಿನಂತೆ ಕೊನೆಯಲ್ಲಿರದೆ ಹಾಳೆಯ ನಡುವೆ ಇತ್ತು, ಅದರ ಕೆಳಗೆ ಬರೀ ಖಾಲಿ ಗೆರೆಗಳು. ಇದೇನು ಎಂದು ಒಂದು ಕ್ಷಣ ಅನ್ನಿಸಿತ್ತು. ತಂಗಿ ಚಹಾ ತಂದಳು, ಮರೆತೆ.

ನಮ್ಮ ರಸ್ತೆಯ ಚರಂಡಿಗೆ ಮುಚ್ಚಳ ಹಾಕಿಸಲು ನಗರಸಭೆಗೆ ಮೂರು ವರ್ಷ ಬೇಕಾಯಿತು. ಯಜಮಾನರ ವರ್ತಕರ ಸಂಘ ಕೊಟ್ಟ ಒಂದು ಅರ್ಜಿಗೆ ಎಂಟು ದಿನ ಸಾಕಾಯಿತು. ಆಗಷ್ಟೇ ನಗರಸಭೆಯ ಒಬ್ಬ ಸದಸ್ಯರ ಹೊಸ ಮನೆಗೆ ನಮ್ಮ ಅಂಗಡಿಯಿಂದ ನೆಲದ ಕಲ್ಲು ಹೋಗಿತ್ತೆಂದು ಆಮೇಲೆ ತಿಳಿಯಿತು.

ಮಂಗಳವಾರ ಬೆಳಿಗ್ಗೆ ಹಜಾರದ ಬಾಗಿಲಿಗೆ ಎರಡು ಹಾಳೆ ಅಂಟಿಸಿದ್ದರು. ಆಯಾ ನನ್ನನ್ನು ಕರೆದಳು. “ಹಳದಿ ಹೂವಮ್ಮಾ, ಇದೇನು ಮೆತ್ತಿಹೋದ್ರು ನೋಡಿ. ಎಲ್ಲರಿಗೂ ಕೇಳೋ ಹಾಗೆ ಓದಿ, ನಿಮ್ಮ ಗಂಟಲು ಚೆನ್ನಾಗಿದೆ.”

ಕನ್ನಡಕ ಹಾಕಿಕೊಂಡು ತರಗತಿಯ ದನಿಯಲ್ಲಿ ಓದಿದೆ. ಇನ್ನು ಮುಂದೆ ತೆರಿಗೆ ಪಾವತಿಯ ರಸೀದಿ ತೋರಿಸಿದವರಿಗೆ ಮೊದಲ ಸರದಿ. ಉಳಿದವರಿಗೆ ಸಮಯ ಮಿಕ್ಕರೆ ಮಾತ್ರ. ಹಜಾರ ಹನ್ನೆರಡಕ್ಕೆ ಮುಚ್ಚುತ್ತದೆ. ಮೇಡಂ ಒಬ್ಬರೇ ಮಡಿಸಬಲ್ಲ ಕೈಗಳು ಅಷ್ಟರೊಳಗೆ ಹನ್ನೆರಡು. ಮಿಕ್ಕರೆ ಎನ್ನುವ ಪದದ ಅರ್ಥ ಬೆಂಚಿನಲ್ಲಿದ್ದ ಎಲ್ಲರಿಗೂ ತಕ್ಷಣ ಹೊಳೆಯಿತು.

“ಯಾರು ಕೇಳಿದ್ರಂತೆ ಇದನ್ನ?” ಎಂದಳು ಹೊಲಿಗೆಯವಳು.

ಎರಡನೆಯ ಹಾಳೆ ಅರ್ಜಿಯ ಪ್ರತಿ. “ಸಾರ್ವಜನಿಕರಾದ ನಾವು ಕೋರುವುದೇನೆಂದರೆ...” ಎಂದು ಶುರುಮಾಡಿದೆ. ಕೆಳಗೆ ಸಹಿಗಳು. ಮೊದಲನೆಯದರ ಪಕ್ಕ “ನಿವೃತ್ತ ಕಾಲೇಜು ಅಧ್ಯಾಪಕಿ, ತೆರಿಗೆದಾರರು” ಎಂದು ಟೈಪು ಮಾಡಿತ್ತು. ಕೊನೆಯ ಅಕ್ಷರಕ್ಕೆ ಬಾಲ ಎಳೆದ ಆ ಸಹಿ ನನ್ನದು. ಮಸುಕಾಗಿ ಪೆನ್ಸಿಲಿನ ಗುರುತೂ ಜೊತೆಗೇ ಅಚ್ಚಾಗಿತ್ತು.

“ಸಹಿಗಳಿವೆ. ತುಂಬಾ ಜನರದ್ದು. ಸರಿಯಾಗಿ ಕಾಣ್ತಿಲ್ಲ” ಎಂದೆ. ಕನ್ನಡಕ ತೆಗೆದು ಒರೆಸಿಕೊಂಡೆ, ಅದರಲ್ಲಿ ಧೂಳಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಸಂಘದ ಗೆಳೆಯರೊಂದಿಗೆ ಬಂದರು. ಯಾರಿಗೋ ಬೆರಳು ನೋವು, ಯಾರಿಗೋ ಮಣಿಕಟ್ಟು, ಯಾರಿಗೋ ಏನೂ ಇಲ್ಲ. ಪುಕ್ಕಟೆ ಸಿಗುವುದನ್ನು ಬಿಡುವುದೇಕೆಂದು ಬಂದವರೂ ಇದ್ದರು. “ನಿಮ್ಮ ರಸೀದಿನೂ ತಂದಿದ್ದೀನಿ ಅಕ್ಕಾ, ನಿಮಗೇ ಮೊದಲ ಕೈ. ಹೊಸ ಮೇಣ ಹಾಕ್ಸಿದ್ದೀನಿ” ಎಂದರು ಪ್ರೀತಿಯಿಂದ.

ಅಂದು ನಾನು ಅಲ್ಲಿಂದ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಹೊಸ ಮೇಣ ಹಾಲಿನಂತೆ ಬೆಳ್ಳಗಿತ್ತು. ಕೈ ಏಳು ಸಲ ಮುಳುಗಿತು, ಎದ್ದಿತು. ಬೆಂಚಿನ ತುದಿಯಲ್ಲಿ ಏಳು ಬಣ್ಣದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹೊಲಿಗೆಯವಳು ಹನ್ನೆರಡರ ತನಕ ಕೂತಿದ್ದು, ತೊಟ್ಟಿಯ ಸ್ವಿಚ್ ಆರಿಸಿದ ಮೇಲೆ ಎದ್ದು ಹೋದಳು. ನನ್ನ ಇಪ್ಪತ್ತು ನಿಮಿಷ ಮುಗಿದಾಗ ಗಂಟು ಬಿಚ್ಚಿಕೊಟ್ಟವಳೂ ಅವಳೇ. ಮನೆಗೆ ಬಂದು ಬಿಸಿನೀರಿನಲ್ಲಿ ಕೈಯನ್ನು ಎಷ್ಟು ತಿಕ್ಕಿದರೂ ಜಿಡ್ಡು ಹೋದಂತಾಗಲಿಲ್ಲ. ಯಜಮಾನರ ಬಗ್ಗೆ ಹೇಸಿಗೆಪಡುವುದು ಸುಲಭವಿತ್ತು, ಹನ್ನೆರಡು ವರ್ಷ ಅದನ್ನೇ ಮಾಡಿಕೊಂಡು ನನ್ನ ಕೈ ಶುಭ್ರವೆಂದು ನಂಬಿದ್ದೆ. ಅವರಾದರೂ ತಾವು ಮಾಡುವುದನ್ನು ಓದಿ ಮಾಡುತ್ತಿದ್ದರು.

ನಾಲ್ಕು ದಿನ ಹೀಗೇ ನಡೆಯಿತು. ಹೇಳಲು ನನಗೆ ಅಸಹ್ಯವಾಗುತ್ತದೆ, ಆ ನಾಲ್ಕೂ ದಿನ ನಾನು ಮೊದಲ ಕೈಯಾದೆ. ಶುಕ್ರವಾರ ಮೇಡಂ ಬಿಡುವು ಮಾಡಿಕೊಂಡು ಹೊಲಿಗೆಯವಳ ಬೆರಳುಗಳನ್ನು ಬೆಂಚಿನ ಮೇಲೆಯೇ ಮುಟ್ಟಿ ನೋಡಿದರು. ತೋರುಬೆರಳು ಮರದ ಚಕ್ಕೆಯ ಹಾಗೆ ನೆಟ್ಟಗೆ ನಿಂತಿತ್ತು.

ಹೊರಗಿನ ನಲ್ಲಿಯ ಬಳಿ ಅವಳನ್ನು ನಿಲ್ಲಿಸಿದೆ. “ಆ ಹಾಳೆಯಲ್ಲಿ ಮೊದಲನೇ ಸಹಿ ನನ್ನದು” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. “ಯಾವ ಹಾಳೆ?”

“ಬಾಗಿಲಿನದು. ಅವರು ನನ್ನ ತಂಗಿ ಗಂಡ. ಪೆನ್ಸಿಲ್ ಗುರುತು ಹಾಕಿ ಕೊಟ್ರು, ನಾನು ಸಹಿ ಹಾಕಿದೆ. ಓದಿರಲಿಲ್ಲಮ್ಮ.”

ಅವಳು ನಲ್ಲಿ ನಿಲ್ಲಿಸಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು.

“ಓದದೇನೇ?” ಎಂದಳು. “ನೀವಾ? ನಾನು ಒಂದು ಗುಂಡಿ ಹಾಕೋಕೂ ಮುಂಚೆ ಬಟ್ಟೆ ತಿರುಗಿಸಿ ನೋಡ್ತೀನಲ್ಲ ಟೀಚರೇ.”

ಅಷ್ಟೇ. ಒದ್ದೆ ಕೈಯನ್ನು ಒರೆಸಿಕೊಂಡು ಬಸ್ಸಿನ ಕಡೆ ನಡೆದಳು.

ಅದೇ ಮಧ್ಯಾಹ್ನ ನಗರಸಭೆ ಕಚೇರಿಗೆ ಹೋದೆ. ನನ್ನ ಸಹಿ ಹೊಡೆದುಹಾಕಬೇಕು ಎಂದೆ. ಗುಮಾಸ್ತ ಒಳ್ಳೆಯವನು, ಕುರ್ಚಿ ಎಳೆದುಕೊಟ್ಟ. “ಹಾಕಿದ ಸಹಿ ತೆಗೆಯೋಕೆ ನಮ್ಮಲ್ಲಿ ದಾರಿ ಇಲ್ಲಮ್ಮ. ಬೇಕಾದ್ರೆ ವಿರುದ್ಧವಾಗಿ ಇನ್ನೊಂದು ಅರ್ಜಿ ಕೊಡಿ. ಸಭೆಗೆ ಬರುತ್ತೆ.” “ಯಾವಾಗ?” ಎಂದೆ. ಅವನು ಚರಂಡಿಯ ಮುಚ್ಚಳದ ಕಡತವಿದ್ದ ಕಪಾಟಿನ ಕಡೆ ನೋಡಿದ. ಅರ್ಜಿ ಬರೆದುಕೊಟ್ಟೆ, ಎರಡು ಸಲ ಓದಿ ಸಹಿ ಮಾಡಿದೆ. ತಿಂಗಳ ಕೊನೆಯೊಳಗೆ ಅದು ಎಲ್ಲಿಗೂ ತಲುಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಬೇಗ ಹೋದೆ. ಹೊಲಿಗೆಯವಳು ಬೆಂಚಿನ ತುದಿಯಲ್ಲಿದ್ದಳು. ಅವಳ ಮಡಿಲಿನಿಂದ ಏಳು ಬಣ್ಣದ ಬಟ್ಟೆ ತೆಗೆದುಕೊಂಡು ಕಂಬಿಯ ಮೊದಲ ಜಾಗದಲ್ಲಿ, ನಾನು ಹಳದಿ ಹೂವು ಹಾಕುವ ಜಾಗದಲ್ಲಿ, ಇಳಿಬಿಟ್ಟೆ. ಮೇಲೆ ನನ್ನ ರಸೀದಿಯನ್ನು ಸಿಕ್ಕಿಸಿದೆ. ಆಯಾ ಬಂದು ನೋಡಿದಳು, ನನ್ನನ್ನೂ ನೋಡಿದಳು.

“ನಾನು ಮುಖ ನೋಡಲ್ಲಪ್ಪ” ಎಂದು ಯಾರಿಗೋ ಹೇಳುವವಳಂತೆ ಗೋಡೆಗೆ ಹೇಳಿದಳು. “ಬಟ್ಟೆ ಮುಂದಿದೆ, ಚೀಟಿ ಇದೆ. ಏಳು ಬಣ್ಣ, ಬಾ!”

ಯಜಮಾನರು ಎದ್ದು ನಿಂತರು. “ನಿಲ್ಸಿ. ಆ ರಸೀದಿ ಅವಳದಲ್ಲ.”

“ನನ್ನದು” ಎಂದೆ.

“ಹಂಗಲ್ಲ ಅಕ್ಕಾ. ಕಟ್ಟಿದೋರಿಗೆ ಮಾತ್ರ ಸರದಿ. ಇಷ್ಟ ಬಂದೋರಿಗೆ ಕೊಡೋಕೆ ಬರಲ್ಲ.”

“ಹಾಗಾದ್ರೆ ಕಟ್ಟಿದ್ದು ಯಾರು? ನಾನಾ?”

“ಅಕ್ಕಾ...”

“ಆ ರಸೀದಿಯಲ್ಲಿ ನನ್ನ ಆದಾಯ ಅಂತ ಒಂದಷ್ಟು ಬರೆದಿದೆ. ಅದು ಯಾರ ಆದಾಯ, ಬಿಲ್ ಹಾಕಿದ್ದೆಷ್ಟು, ಹಾಕದೇ ಇದ್ದದ್ದೆಷ್ಟು, ಇಲ್ಲೇ ಓದಲಾ? ನನ್ನ ಗಂಟಲು ಚೆನ್ನಾಗಿದೆಯಂತೆ.”

ಸಂಘದ ಗೆಳೆಯರು ಒಮ್ಮೆಗೇ ತಮ್ಮ ತಮ್ಮ ಟವೆಲ್ ನೋಡತೊಡಗಿದರು. ಅವರ ಪೈಕಿ ಒಬ್ಬರ ಮನೆಯಲ್ಲೂ ಪೆನ್ಸಿಲ್ ಇಲ್ಲದಿರಲಿಲ್ಲ. ಯಜಮಾನರು ಕೂತರು. ಹೊಲಿಗೆಯವಳ ಕೈ ತೊಟ್ಟಿಗೆ ಇಳಿಯಿತು.

ಗೆದ್ದೆನೆಂದು ಅನ್ನಿಸಲಿಲ್ಲ. ನ್ಯಾಯ ಹೇಳಿ ನಾನು ಅವಳಿಗೆ ಸರದಿ ಕೊಡಿಸಿರಲಿಲ್ಲ, ಮನೆಯ ಕೊಳೆ ತೋರಿಸುತ್ತೇನೆಂದು ಹೆದರಿಸಿ ಕೊಡಿಸಿದ್ದೆ. ಆ ಸುಳ್ಳು ರಸೀದಿ ಇಲ್ಲದಿದ್ದರೆ ನನ್ನ ಮಾತಿಗೆ ಅಲ್ಲಿ ಕವಡೆ ಬೆಲೆಯಿರಲಿಲ್ಲ.

ಉಳಿದ ಹದಿನಾಲ್ಕು ದಿನವೂ ಏಳು ಬಣ್ಣವೇ ಮೊದಲು. ನನ್ನ ಬಟ್ಟೆಯನ್ನು ರಸೀದಿ ಇಲ್ಲದವರ ಸಾಲಿನ ಕೊನೆಗೆ ಹಾಕಿದೆ. ಬಹಳ ದಿನ ಸರದಿ ಬರಲಿಲ್ಲ, ಮಣಿಕಟ್ಟು ಅರ್ಧ ತಿರುಗಿ ಅಲ್ಲಿಗೇ ನಿಂತಿತು. ಈಗ ಬಾಟಲಿಯ ಮುಚ್ಚಳ ತಿರುಗಿಸಲು ಬರುವುದಿಲ್ಲ, ಅಷ್ಟೇ. ಹೊಲಿಗೆಯವಳು ಗಡುವಿನ ದಿನ ಕಾಲರ್ ಹೊಲಿದಳು. ಸೊಟ್ಟಗಾಯಿತಂತೆ. ಮೇಲ್ವಿಚಾರಕ ಕಾಲರಿನಿಂದ ಇಳಿಸಿ ಗುಂಡಿಯ ಸಾಲಿಗೆ ಹಾಕಿದ, ಸಂಬಳವೂ ಇಳಿಯಿತು. “ಆ ನಾಲ್ಕು ದಿನ ಸಿಕ್ಕಿದ್ರೆ ನೆಟ್ಟಗೆ ಬರ್ತಿತ್ತೋ ಏನೋ” ಎಂದಳು. ಕೊಂಕಿಲ್ಲದೆ ಹೇಳಿದಳು. ಅದಕ್ಕೇ ಅದು ನನ್ನೊಳಗೆ ಇನ್ನೂ ಇದೆ.

ಕಳೆದ ವಾರ ತಿಂಡಿಯ ತಟ್ಟೆಯ ಪಕ್ಕ ಮತ್ತೆ ಕಾಗದ ಬಂತು. ವರ್ಷದ ಲೆಕ್ಕ. ಗುರುತುಗಳು ಎಂದಿನಂತೆ ಚಿಕ್ಕದಾಗಿ, ಚೊಕ್ಕವಾಗಿ ಇದ್ದವು. ನಾನು ಕನ್ನಡಕ ಹಾಕಿಕೊಂಡೆ. ಮೊದಲ ಹಾಳೆ ಓದಿ, ತಿರುಗಿಸಿ ಹಿಂಭಾಗವನ್ನೂ ನೋಡಿದೆ. ತಂಗಿ ಚಹಾ ಹಿಡಿದು ನಿಂತೇ ಇದ್ದಳು.

“ಸುಮ್ನೆ ಹಾಕ್ಬಿಡಕ್ಕ. ತಿಂಡಿ ಆರಿಹೋಗುತ್ತೆ.”

“ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?” ಎಂದರು ಯಜಮಾನರು. ಅವರಿಗೆ ನಿಜವಾಗಿ ನೋವಾಗಿತ್ತು. ನನ್ನನ್ನು ಎತ್ತಿಕೊಂಡು ಮೆಟ್ಟಿಲಿಳಿದ ಮುಖವೇ ಅದು.

“ಇಲ್ಲ” ಎಂದೆ. “ನನ್ನ ಮೇಲೂ ಇಲ್ಲ. ಅಂಗಡಿಯಿಂದ ನನ್ನ ಹೆಸರು ತೆಗೆಯೋ ಕಾಗದ ಮಾಡಿಸಿ. ಅದನ್ನ ಓದಿ ಸಹಿ ಹಾಕ್ತೀನಿ.”

ಅಂದಿನಿಂದ ಊಟದ ಮೇಜಿನಲ್ಲಿ ಪುಕ್ಕಟೆಯ ಮಾತಿಲ್ಲ, ಬೇರೆ ಮಾತೂ ಇಲ್ಲ. ಆ ಕಾಗದ ಇನ್ನೂ ಬಂದಿಲ್ಲ. ಬಂದ ಮೇಲೆ ಮಹಡಿಯ ಕೋಣೆ ನನಗಿರುತ್ತದೋ ಇಲ್ಲವೋ ಗೊತ್ತಿಲ್ಲ. ಪಿಂಚಣಿಗೆ ಹೊಂದುವ ಒಂದು ಕೋಣೆಯನ್ನು ಹಜಾರದ ನೀಲಿ ಚೌಕಳಿಯವರು ನೋಡಿಟ್ಟಿದ್ದಾರೆ.

ನಾನು ವಿರುದ್ಧವಾಗಿ ಕೊಟ್ಟ ಅರ್ಜಿಯೂ ಸಭೆಗೆ ಬಂದಿಲ್ಲ. ದಿನಾ ಬೆಳಿಗ್ಗೆ ಹಜಾರಕ್ಕೆ ಹೋಗಿ ಬಾಗಿಲಿನ ಹಾಳೆಯ ಮುಂದೆ ನಿಲ್ಲುತ್ತೇನೆ. ಬಿಸಿಲಿಗೆ ಉಳಿದವರ ಸಹಿಗಳು ಮಾಸುತ್ತಿವೆ, ಮೊದಲನೆಯದು ಮಾತ್ರ ಚೌಕಟ್ಟಿನ ನೆರಳಿನಲ್ಲಿ ಗಟ್ಟಿಯಾಗಿ ಉಳಿದಿದೆ. ಹನ್ನೆರಡಕ್ಕೆ ಆಯಾ ತೊಟ್ಟಿಯ ಸ್ವಿಚ್ ಆರಿಸುತ್ತಾಳೆ. ಸಂಘದವರು ಹೋಗುವವರೆಗೆ ಕಾದು, ಬಾಗಿಲು ಮುಂದೆ ಮಾಡಿ, “ಇನ್ನೂ ಅರ್ಧ ಗಂಟೆ ಬಿಸಿ ಇರುತ್ತೆ, ಬೇಗ ಬೇಗ ಬನ್ನಿ” ಎಂದು ಉಳಿದವರನ್ನು ಕರೆಯುತ್ತಾಳೆ. ಮೇಡಂ ಬಿಚ್ಚಿದ ಊಟದ ಡಬ್ಬಿಯನ್ನು ಮತ್ತೆ ಮುಚ್ಚಿ ಬಂದು ಕೂರುತ್ತಾರೆ. ನಿನ್ನೆ ಐದು ಕೈಗಳಾದವು. ನಾನು ಆರನೆಯವಳು. ನನ್ನ ಸರದಿ ಬರುವಷ್ಟರಲ್ಲಿ ಮೇಣದ ಮೇಲೆ ಕೆನೆ ಕಟ್ಟಿತ್ತು.

“ನಾಳೆ ನೋಡೋಣ ಹಳದಿ ಹೂವಮ್ಮ” ಎಂದಳು ಆಯಾ.

“ಆಗಲಿ” ಎಂದು ನನ್ನ ಬಟ್ಟೆ ಮಡಿಸಿಕೊಂಡೆ.